ದಾಳಿಂಬೆಯ ಬೀಜದ ಸಸಿಗಳು

ಗಂಗಾವತಿಯ ರೈತನು ಸಂಕರ ತಳಿಯಲ್ಲದ ಬತ್ತವನ್ನು ಬೆಳೆದು, ಅದನ್ನೇ ಮರುವರ್ಷ ಬಿತ್ತಿದರೆ ಬಹುಮಟ್ಟಿಗೆ ಅದೇ ತಳಿಯ ಪೈರು ಬರುತ್ತದೆ. ಬತ್ತದ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಳುಕಟ್ಟುವುದು ಇದಕ್ಕೆ ಕಾರಣ. ಆದರೆ ಕುಷ್ಟಗಿ, ಯಲಬುರ್ಗಾಗಳ ದಾಳಿಂಬೆ ಬೆಳೆಗಾರನು ಬೀಜವನ್ನು ನಂಬುವುದಿಲ್ಲ. ಗೂಟಿ ಕಟ್ಟಿ ಬೇರು ಬರಿಸಿದ ಗಿಡಗಳನ್ನೇ ನೆಡುತ್ತಾನೆ. ಏಕೆ?

ದಾಳಿಂಬೆಯ ಜೀವಕೋಶದಲ್ಲಿ ಕ್ರೋಮೊಸೋಮುಗಳ 8 ಜೋಡಿಗಳಿವೆ. ಅಂಡವು ರೂಪುಗೊಳ್ಳುವಾಗ ಪ್ರತಿಯೊಂದು ಜೋಡಿಯಿಂದಲೂ ಒಂದು ಮಾತ್ರ ಅದಕ್ಕೆ ಸಲ್ಲುತ್ತದೆ. ಇದು ನಾಣ್ಯವನ್ನು ಎಂಟು ಬಾರಿ ಚಿಮ್ಮಿದಂತೆ. ಒಂದೇ ಗಿಡದಲ್ಲಿ 256 ಬಗೆಯ ಅಂಡಗಳು ಸಾಧ್ಯ. ಬೇರೊಂದು ಗಿಡದ ಪರಾಗಕ್ಕೂ ಇದೇ ಲೆಕ್ಕ. ಎರಡೂ ಕೂಡಿದರೆ 65,536 ಸಂಯೋಗಗಳಾಗುವುವು. ಜೋಡಿಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದು. ಇದರ ಮೇಲೆ, ಮುಚ್ಚದೆ ಬಿಟ್ಟ ಹೂವಿಗೆ ಜೇನ್ನೊಣವು ಯಾವ ಗಿಡದ ಪರಾಗವನ್ನಾದರೂ ತಂದೀತು. ಬೀಜದ ತಾಯಿ ಗೊತ್ತು, ತಂದೆ ಗೊತ್ತಿಲ್ಲ.

ವಾಚಕರು ಇದನ್ನು ಸ್ವತಃ ಪರೀಕ್ಷಿಸಬಹುದು. ಒಂದೇ ಹಣ್ಣಿನ ಬೀಜಗಳನ್ನು ತಿರುಳು ಹೋಗುವಂತೆ ಉಜ್ಜಿ ತೊಳೆದು, ನೆರಳಿನಲ್ಲಿ ಒಣಗಿಸಿ, ಸುಮಾರು 1 ಸೆಂಟಿಮೀಟರ್ ಆಳದಲ್ಲಿ ಬಿತ್ತಿರಿ. ಪ್ರತಿಯೊಂದು ಸಸಿಗೂ ಸಂಖ್ಯೆಯನ್ನು ಕೊಟ್ಟು, ಎಲೆಯ ಅಗಲ, ಚಿಗುರಿನ ಕೆಂಪು, ಮುಳ್ಳು ಇವನ್ನು ಬರೆದಿಡಿರಿ. ಕಾಳಿನ ಬಣ್ಣ, ಹುಳಿ, ಬೀಜದ ಮೆದುತನಗಳನ್ನು ಅರಿಯಬೇಕಾದರೆ ಗಿಡವು ಫಲ ಬಿಡುವ ತನಕ ಕೆಲವು ವರ್ಷ ಕಾಯಲೇಬೇಕು. ಸುತ್ತಲಿನ ಗಿಡಗಳ ಡಿಎನ್‌ಎಯೊಡನೆ ಹೋಲಿಸಿ ತಂದೆಯನ್ನು ಗುರುತಿಸುವುದೂ ಇಂದು ಸಾಧ್ಯವಾಗಿದೆ.

ಹೆಚ್ಚಿನ ಸಸಿಗಳು ತಾಯಿಗಿಂತ ಕೀಳಾಗಿರಬಹುದು. ಎಲ್ಲೋ ಒಂದು ಮೇಲಾಗಿರುತ್ತದೆ. ಪುಣೆಯ ಗಣೇಶಖಿಂಡ್ ತೋಟದಲ್ಲಿ ಜಿ. ಎಸ್. ಚೀಮಾ ಅವರು 1936ರಲ್ಲಿ ಆಳಂದಿ ತಳಿಯ ಸಸಿಗಳಿಂದ ಆರಿಸಿದ ಗಿಡವೇ ಮುಂದೆ ‘ಗಣೇಶ್’ ಎನಿಸಿತು. ಅದನ್ನು ‘ಗುಲ್-ಎ-ಷಾ ರೆಡ್’ ತಳಿಯೊಡನೆ ಕೂಡಿಸಿ, ಎರಡನೆಯ ತಲೆಮಾರಿನ ಸಸಿಗಳಲ್ಲಿ ಆರಿಸಿದ್ದು ‘ಭಗವಾ’. ಇಂದು ನಮ್ಮ ತೋಟಗಳಲ್ಲಿ ಪ್ರಚಾರದಲ್ಲಿರುವುದು ಇದೇ.

ಗೂಟಿಯ ತೋಟದಲ್ಲಿ ಸಾವಿರ ಗಿಡಗಳಿದ್ದರೂ ಹುಟ್ಟುಗುಣದಲ್ಲಿ ಅವೆಲ್ಲ ಒಂದೇ ಗಿಡ. ಹಣ್ಣೆಲ್ಲ ಒಂದೇ ಸಮನಾಗಿರುವುದು ಇದರ ಲಾಭ. ಆದರೆ ಒಂದನ್ನು ಕೆಡವಬಲ್ಲ ರೋಗವು ಎಲ್ಲವನ್ನೂ ಕೆಡವಬಲ್ಲದು. 2000ರ ದಶಕದಲ್ಲಿ ದುಂಡಾಣು ಅಂಗಮಾರಿಯು ಉತ್ತರ ಕರ್ನಾಟಕದ ತೋಟಗಳನ್ನು ಹಾಳುಮಾಡಿ, ಎಷ್ಟೋ ರೈತರು ಗಿಡಗಳನ್ನು ಕಿತ್ತುಹಾಕಬೇಕಾಯಿತು. ಅದನ್ನು ತಾಳುವ ಗುಣವು ಹೊಸದಾಗಿ ಕೂಡಿಬರಬೇಕಾದರೆ ಮಾರ್ಗವು ಬಹುಮಟ್ಟಿಗೆ ಬೀಜದ ಮೂಲಕವೇ. ಬೆಳೆಗಾರನು ಬೀಜವನ್ನು ಬಿತ್ತದಿರುವುದು ಜಾಣತನ. ಸಂಶೋಧಕನು ಬಿತ್ತದಿದ್ದರೆ ನಷ್ಟವು ಬೆಳೆಗಾರನಿಗೇ.