ಅಲೆಗಳ ದಡದಲ್ಲಿ ಮೂರು ರಾತ್ರಿ: ಕರಾವಳಿಯ ಪುಟ್ಟ ವಸತಿಗೃಹಗಳಿಂದ ನಾವು ಕಲಿಯಬಹುದಾದ ವ್ಯಾಪಾರ

ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಹರಿದು, 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವಾಗ ಗೋಕಾಕ ಜಲಪಾತದ ಸುತ್ತ ಜನಸಾಗರವೇ ಸೇರುತ್ತದೆ. ಬಂದವರು ಜಲಪಾತವನ್ನೂ ತೂಗುಸೇತುವೆಯನ್ನೂ ಕಣ್ತುಂಬಿಕೊಂಡು, ಪೇಟೆಯಲ್ಲಿ ಒಂದೆರಡು ಪೊಟ್ಟಣ ಕರದಂಟು ಕೊಂಡು, ಹೊತ್ತು ಮುಳುಗುವ ಮುನ್ನ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಅವರಲ್ಲಿ ಬಹುತೇಕರು ರಾತ್ರಿ ನಮ್ಮಲ್ಲಿ ತಂಗುವುದಿಲ್ಲ. ಪ್ರವಾಸಿಗನು ಖರ್ಚು ಮಾಡುವ ಹಣದ ದೊಡ್ಡ ಪಾಲು ಊಟ, ವಸತಿ ಮತ್ತು ಸ್ಥಳೀಯ ಸಾರಿಗೆಗೆ ಹೋಗುತ್ತದೆ; ಆ ಪಾಲು ನಮ್ಮ ಕೈಗೆ ಬರುತ್ತಿಲ್ಲ.

ಇದೇ ರಾಜ್ಯದ ಕರಾವಳಿಯಲ್ಲಿ, ಬಹುಕಾಲ ಪ್ರವಾಸಿಗರ ಗಮನಕ್ಕೆ ಅಷ್ಟಾಗಿ ಬಾರದಿದ್ದ ಕೆಲವು ನದೀಮುಖದ ಊರುಗಳಲ್ಲಿ ಅತಿಥಿಗಳು ಮೂರು, ನಾಲ್ಕು, ಕೆಲವೊಮ್ಮೆ ಹತ್ತು ರಾತ್ರಿ ತಂಗುತ್ತಾರೆ. ಅವರನ್ನು ಅಲ್ಲಿ ಹಿಡಿದು ನಿಲ್ಲಿಸಿರುವುದು ಸಮುದ್ರದ ಅಲೆ. ಹಲಗೆಯ ಮೇಲೆ ನಿಂತು ಅಲೆಯೊಡನೆ ಸಾಗುವ ಸರ್ಫಿಂಗ್ ಕ್ರೀಡೆಯನ್ನು ಆಧರಿಸಿ ಬೆಳೆದ ಈ ವಸತಿಗೃಹಗಳ ವ್ಯವಹಾರವನ್ನು ನಮ್ಮ ಭಾಗದ ವರ್ತಕ ಬಾಂಧವರು ಒಮ್ಮೆ ಗಮನಿಸುವುದು ಉಪಯುಕ್ತ.

ಮೂಲ್ಕಿಯ ಆರಂಭ

ಮಂಗಳೂರಿನಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಶಾಂಭವಿ ನದಿಯ ದಡದಲ್ಲಿರುವ ಊರು ಮೂಲ್ಕಿ. 2004ರಲ್ಲಿ ಇಲ್ಲಿ ಅಮೆರಿಕ ಮೂಲದ ಜಾಕ್ ಹೆಬ್ನರ್ ಅವರ ಮುಂದಾಳತ್ವದಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಭಾರತದ ಮೊದಲ ಸರ್ಫಿಂಗ್ ಕ್ಲಬ್ ಎಂದು ಅದನ್ನು ಗುರುತಿಸಲಾಗುತ್ತದೆ. ಆಶ್ರಮದ ಮಾದರಿಯಲ್ಲಿ ರೂಪುಗೊಂಡ ಅಲ್ಲಿನ ವಸತಿಯಲ್ಲಿ ಕೋಣೆಗಳು ಕೆಲವೇ, ಊಟ ಸಸ್ಯಾಹಾರ, ಮದ್ಯಕ್ಕೆ ಅವಕಾಶವಿಲ್ಲ. ಮದ್ಯವಿಲ್ಲದ ಕಡಲತೀರದ ವಸತಿಗೆ ಗಿರಾಕಿ ಬಾರನೆಂಬುದು ಸಾಮಾನ್ಯ ತಿಳಿವಳಿಕೆ. ಮೂಲ್ಕಿ ಅದನ್ನು ಸುಳ್ಳಾಗಿಸಿತು. ತಾನು ಯಾರಿಗೆ ಸೇವೆ ನೀಡಬೇಕು, ಯಾರಿಗೆ ನೀಡಬಾರದು ಎಂಬುದನ್ನು ಮೊದಲೇ ನಿಶ್ಚಯಿಸಿದ ವ್ಯಾಪಾರಕ್ಕೆ ಅದರದೇ ಗಿರಾಕಿ ಹುಟ್ಟಿಕೊಳ್ಳುತ್ತಾನೆ.

2007ರಲ್ಲಿ ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ ಶಾಕಾ ಸರ್ಫ್ ಕ್ಲಬ್ ಸ್ಥಾಪಿಸಿದರು. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಸಮುದ್ರ, ನಡುವೆ ಕಿರಿದಾದ ಮರಳಿನ ನಾಲಿಗೆಯಂತಹ ಈ ಬೆಸ್ತರ ಹಳ್ಳಿಗೂ ದೂರದೂರದ ಅತಿಥಿಗಳು ಬರತೊಡಗಿದರು. 2016ರಲ್ಲಿ ಮೂಲ್ಕಿ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚಿನ ಪದಕ ಗಳಿಸಿದಾಗ ಈ ಕ್ರೀಡೆಯ ಹೆಸರು ಇನ್ನಷ್ಟು ಮನೆಗಳಿಗೆ ತಲುಪಿತು.

ಅತಿಥಿ ಉಳಿಯುವ ಕಾರಣ

ಅಲೆಗೆ ಅದರದೇ ವೇಳಾಪಟ್ಟಿ ಇದೆ. ನಸುಕಿನಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ; ಆಗ ಅಲೆಯ ಮೈ ನುಣುಪಾಗಿರುತ್ತದೆ. ಬಿಸಿಲೇರಿದಂತೆ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ನೆಲದತ್ತ ಬೀಸಿ, ಅಲೆಗಳನ್ನು ಚೆದುರಿಸುತ್ತದೆ. ಆದ್ದರಿಂದ ಕಲಿಕೆಗೆ ಮುಂಜಾನೆಯೇ ಪ್ರಶಸ್ತ ಕಾಲ. ಹಿಂದಿನ ರಾತ್ರಿ ದಡದಲ್ಲಿಯೇ ತಂಗಿದವನಿಗೆ ಮಾತ್ರ ಆ ಹೊತ್ತು ದಕ್ಕುತ್ತದೆ. ಅಳಿವೆಯ ಬಳಿ ನದಿ ತಂದು ಸುರಿದ ಮರಳಿನ ದಿಣ್ಣೆಗಳ ಮೇಲೆ ಅಲೆ ಕ್ರಮವಾಗಿ ಮುರಿಯುವುದರಿಂದ ಇಂತಹ ಸ್ಥಳಗಳು ಕಲಿಯುವವರಿಗೆ ಅನುಕೂಲ.

ಒಂದೇ ದಿನದಲ್ಲಿ ಈ ವಿದ್ಯೆ ಕೈಗೂಡುವುದಿಲ್ಲ. ಮೊದಲ ದಿನ ಹಲಗೆಯ ಮೇಲೆ ಮಲಗಿ ಕೈಯಿಂದ ನೀರು ಹಿಂದೂಡುವುದು, ಎರಡನೆಯ ದಿನ ಮೊಣಕಾಲೂರಿ ಏಳುವುದು, ಮೂರನೆಯ ದಿನ ಕ್ಷಣಮಾತ್ರ ನಿಲ್ಲುವುದು: ಹೀಗೆ ಕಲಿಕೆಯೇ ವಾಸ್ತವ್ಯವನ್ನು ಹಿಗ್ಗಿಸುತ್ತದೆ. ಹಗಲಿನ ಉಳಿದ ವೇಳೆಯಲ್ಲಿ ಅತಿಥಿಯು ನದಿಯಲ್ಲಿ ದೋಣಿ ಏರುತ್ತಾನೆ, ಹಳ್ಳಿಯಲ್ಲಿ ಎಳನೀರು ಕುಡಿಯುತ್ತಾನೆ, ಪೇಟೆಗೆ ಆಟೋ ಹಿಡಿಯುತ್ತಾನೆ. ಹಣ ಊರಿನಲ್ಲಿ ಹರಡುತ್ತದೆ.

ಒಂದು ಸರಳ ಲೆಕ್ಕ ನೋಡೋಣ. 8 ಕೋಣೆಗಳ ವಸತಿಗೃಹವು 30 ದಿನ ಪೂರ್ಣ ತುಂಬಿರಬೇಕಾದರೆ ಒಂದೊಂದೇ ರಾತ್ರಿ ತಂಗುವ 240 ತಂಡಗಳು ಬೇಕು. ಪ್ರತಿ ತಂಡ ಮೂರು ರಾತ್ರಿ ಉಳಿದರೆ 80 ತಂಡಗಳು ಸಾಕು. ಗಿರಾಕಿಯನ್ನು ಹುಡುಕುವ ಶ್ರಮ ಮೂರನೆಯ ಒಂದು ಭಾಗಕ್ಕಿಳಿಯುತ್ತದೆ. ತಂಡ ಬದಲಾದಾಗಲೆಲ್ಲ ಹಾಸಿಗೆ ಬಟ್ಟೆ ಒಗೆಯುವ, ಕೋಣೆ ಸಜ್ಜುಗೊಳಿಸುವ ವೆಚ್ಚವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಪುಟ್ಟ ವಸತಿಗೃಹದ ಲಾಭ ಅಡಗಿರುವುದು ಇಲ್ಲಿ.

ಋತು, ತೆರಿಗೆ, ಕಾಯಿದೆ

ಈ ವ್ಯಾಪಾರದ ಕಷ್ಟಗಳೂ ಕಡಿಮೆಯಲ್ಲ. ಕಲಿಯುವವರ ಕಾಲ ಅಕ್ಟೋಬರ್‌ನಿಂದ ಬೇಸಿಗೆಯವರೆಗೆ. ಮುಂಗಾರಿನ ಮುನ್ನ, ಮೇ ತಿಂಗಳಲ್ಲಿ, ನುರಿತವರಿಗೆ ಬೇಕಾದ ದೊಡ್ಡ ಅಲೆಗಳು ಏಳುತ್ತವೆ. ಜೂನ್ ನಂತರ ಸಮುದ್ರ ಪ್ರಕ್ಷುಬ್ಧ. ಆ ತಿಂಗಳುಗಳಲ್ಲಿ ಆದಾಯ ಕ್ಷೀಣ, ಸಂಬಳ ಮತ್ತು ಸಾಲದ ಕಂತು ಮಾತ್ರ ಯಥಾಪ್ರಕಾರ. ಉಪ್ಪುಗಾಳಿಗೆ ಕಬ್ಬಿಣ, ಬೀಗ, ವಿದ್ಯುತ್ ಉಪಕರಣಗಳು ಬೇಗ ತುಕ್ಕು ಹಿಡಿಯುವುದರಿಂದ ದುರಸ್ತಿಯ ಬಾಬ್ತು ಒಳನಾಡಿಗಿಂತ ಅಧಿಕ. 1991ರಿಂದ ಜಾರಿಗೆ ಬಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಕಾರಣ ನೀರಿನಂಚಿನಲ್ಲಿ ಮನಸ್ಸಿಗೆ ಬಂದಂತೆ ಕಟ್ಟಡ ಕಟ್ಟಲಾಗದು.

ತೆರಿಗೆಯ ವಿಷಯದಲ್ಲಿ, ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಇಲ್ಲ. ಹಾಸಿಗೆ, ಸಾಬೂನು, ಪೀಠೋಪಕರಣಗಳ ಮೇಲೆ ತೆತ್ತ ತೆರಿಗೆ ಮಾಲೀಕನ ವೆಚ್ಚಕ್ಕೇ ಸೇರುತ್ತದೆ. ಬಾಡಿಗೆ ನಿಗದಿಪಡಿಸುವಾಗ ಇದನ್ನು ಮರೆಯಬಾರದು.

ಹೋಗುವವರಿಗೆ ಕೆಲವು ಸೂಚನೆ

ನಮ್ಮ ಭಾಗದಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಮಾರ್ಗವಾಗಿ ಅಂಕೋಲೆ ತಲುಪಿ, ಅಲ್ಲಿಂದ ಕಡಲತೀರದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಬೇಕು. ಸಮೀಪದ ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್ ತೀರಗಳಿವೆ. ಹಾಫ್ ಮೂನ್‌ಗೆ ಗುಡ್ಡದ ಕಾಲುದಾರಿ ಇಲ್ಲವೆ ದೋಣಿಯೇ ಗತಿ. ಮೂಲ್ಕಿಗಾದರೆ ಪೂರ್ತಿ ಒಂದು ದಿನದ ಪ್ರಯಾಣ. 2024ರ ಜುಲೈನಲ್ಲಿ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದುದನ್ನು ನೆನೆದು, ಮಳೆಗಾಲದಲ್ಲಿ ರಸ್ತೆಯ ಸ್ಥಿತಿ ವಿಚಾರಿಸಿಯೇ ಹೊರಡುವುದು ಲೇಸು.

ಸಮುದ್ರದ ವಿಷಯದಲ್ಲಿ ಒಳನಾಡಿನವರಾದ ನಮಗೆ ಎಚ್ಚರ ಇನ್ನೂ ಹೆಚ್ಚು ಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ದಡದಿಂದ ಒಳಕ್ಕೆಳೆಯುವ ಸೆಳೆತಕ್ಕೆ ಸಿಕ್ಕವರು ಅದರ ವಿರುದ್ಧ ಈಜಿ ಬಳಲಬಾರದು; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಗ್ಗಿದ ಮೇಲೆ ಹಿಂತಿರುಗಬೇಕು. ಒಳ್ಳೆಯ ಸರ್ಫಿಂಗ್ ಶಾಲೆಯವರು ನೀರಿಗಿಳಿಸುವ ಮೊದಲೇ ಇದನ್ನು ಹೇಳಿಕೊಡುತ್ತಾರೆ, ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಸುತ್ತಾರೆ, ಸಮುದ್ರ ಸರಿಯಿಲ್ಲದ ದಿನ ಪಾಠವನ್ನೇ ನಿಲ್ಲಿಸುತ್ತಾರೆ. ಒಂದು ದಿನದ ಆದಾಯ ಬಿಟ್ಟುಕೊಡುವ ಈ ಧೈರ್ಯವೇ ಅವರ ಬಂಡವಾಳ.

ನಮ್ಮ ಮೂರು ತಾಲ್ಲೂಕುಗಳಿಗೆ

ನಮಗೆ ಸಮುದ್ರವಿಲ್ಲ ನಿಜ. ಆದರೆ ಅತಿಥಿಯನ್ನು ನಿಲ್ಲಿಸಬಲ್ಲ ಸಂಗತಿಗಳು ವರ್ಷವಿಡೀ ಇವೆ. ಮಳೆಗಾಲಕ್ಕೆ ಗೋಕಾಕ ಮತ್ತು ಗೊಡಚಿನಮಲ್ಕಿ ಜಲಪಾತಗಳು; ಚಳಿಗಾಲಕ್ಕೆ ಧೂಪದಾಳದ ಹಿನ್ನೀರಿನ ಪಕ್ಷಿಗಳು, ಮೂಡಲಗಿ ಸೀಮೆಯ ಕಬ್ಬಿನ ಸುಗ್ಗಿ; ಬೇಸಿಗೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಇಳಿದಾಗ ಮೇಲೇಳುವ ಹುನ್ನೂರಿನ ವಿಠ್ಠಲ ಮಂದಿರ. ಕರಾವಳಿಯವರನ್ನು ಕಾಡುವ ನಾಲ್ಕು ತಿಂಗಳ ಬಿಡುವು ನಮಗೆ ಬಾರದು.

ಕೊರತೆ ಇರುವುದು ಅತಿಥಿಗೆ ಕಲಿಸುವ ಏರ್ಪಾಟಿನಲ್ಲಿ. ಗೋಕಾಕದ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಾಕುವುದನ್ನು ಕುಶಲಕರ್ಮಿಯ ಬಳಿ ಕುಳಿತು ಎರಡು ದಿನ ಕಲಿಯಲಿ. ಬೆಲ್ಲದ ಪಾಕ ಹದಕ್ಕೆ ಬರುವುದನ್ನು ಮುಂಜಾನೆ ಗಾಣದ ಮುಂದೆ ನಿಂತು ನೋಡಲಿ. ಕರದಂಟನ್ನು ತಾನೇ ಕಟ್ಟಿ ಮನೆಗೊಯ್ಯಲಿ. ನೋಡಿ ಹೋಗುವವನು ಗಂಟೆಗಳ ಗಿರಾಕಿ, ಕಲಿಯಲು ಬಂದವನು ರಾತ್ರಿಗಳ ಗಿರಾಕಿ. ಜಲಪಾತದ ಬಂಡೆಗಳ ಬಳಿ ಕಟ್ಟುನಿಟ್ಟಾದ ಸುರಕ್ಷತೆಯೂ ಇದರೊಡನೆಯೇ ಬರಬೇಕು.

ನಾಲ್ಕಾರು ಕೋಣೆಗಳ ಸ್ವಚ್ಛ ವಸತಿ, ಜೋಳದ ರೊಟ್ಟಿಯ ಊಟ, ನಂಬಿಕಸ್ಥ ಮಾರ್ಗದರ್ಶಿ: ಆರಂಭಕ್ಕೆ ಇಷ್ಟು ಸಾಕು. ಇಂತಹ ಪ್ರಯತ್ನಕ್ಕೆ ಮನಸ್ಸು ಮಾಡುವ ಸದಸ್ಯರು ಮೊದಲು ತಾವೇ ಮೂಲ್ಕಿಯಲ್ಲೋ ಕೋಡಿಬೆಂಗ್ರೆಯಲ್ಲೋ ಮೂರು ರಾತ್ರಿ ತಂಗಿ ಬರಲಿ. ಅಲೆಯ ಮೇಲೆ ನಿಲ್ಲಲು ಸಾಧ್ಯವಾಗದಿದ್ದರೂ ಚಿಂತೆಯಿಲ್ಲ. ಆ ಮನೆಗಳ ಅಡುಗೆಕೋಣೆಯನ್ನೂ ಲೆಕ್ಕದ ಪುಸ್ತಕವನ್ನೂ ಕೇಳಿ ತಿಳಿದು ಬಂದರೆ ಹೋದ ಖರ್ಚು ವಸೂಲಾದಂತೆಯೇ ಸರಿ.