ಹೆದ್ದಾರಿ ಅಗಲವಾಯಿತು, ನಿತ್ಯ ಪ್ರಯಾಣಿಕರ ಪಾಡೇನು?

ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ ಇಂದು ಆರು ಸಾಲುಗಳ ರಸ್ತೆಯಾಗಿದೆ. 45 ಮೀಟರ್ ಅಗಲದ ಜಾಗಕ್ಕಾಗಿ ಎಷ್ಟೋ ಮನೆ, ಅಂಗಡಿ, ತೆಂಗಿನ ತೋಟಗಳು ಹೋದುವು. ಊರಿನ ಏಳಿಗೆಗೆ ಒಳ್ಳೆಯ ರಸ್ತೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ರಸ್ತೆಯಿಂದ ಯಾರಿಗೆಷ್ಟು ಅನುಕೂಲವಾಯಿತೆಂದು ವಿಚಾರಿಸುವ ಸಮಯ ಈಗ ಬಂದಿದೆ.

ದೂರದ ಲಾರಿ, ಕಾರುಗಳಿಗೆ ನಿಸ್ಸಂದೇಹವಾಗಿ ಅನುಕೂಲವಾಗಿದೆ. ಕುಂಬಳೆಯಲ್ಲೋ ಉಪ್ಪಳದಲ್ಲೋ ಬಸ್ಸಿಗೆ ಕಾಯುವವರ ಕಥೆ ಬೇರೆ. ಬಸ್ಸು ನಿಲ್ಲುವುದು ಬದಿಯ ಸರ್ವೀಸ್ ರಸ್ತೆಯಲ್ಲಿ. ಆಟೋ, ಬೈಕು, ಸರಕಿನ ಗಾಡಿ, ಶಾಲೆಯ ವ್ಯಾನು ಎಲ್ಲಕ್ಕೂ ಆ ಇಕ್ಕಟ್ಟಿನ ದಾರಿಯೇ ಗತಿ. ಎದುರು ಬದಿಗೆ ಹೋಗಬೇಕಾದರೆ ಅಡಿದಾರಿಯನ್ನು ಹುಡುಕಿ ನಡೆಯಬೇಕು. ಪುಸ್ತಕದ ಹೊರೆ ಹೊತ್ತ ಮಕ್ಕಳೂ ವಯಸ್ಸಾದವರೂ ಪಡುವ ಕಷ್ಟವನ್ನು ನಾವು ನಿತ್ಯ ಕಾಣುತ್ತಿದ್ದೇವೆ.

ಮಂಗಳೂರಿನ ನಂಟು

1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿತ್ತು. ಆ ಬಳಿಕ ಆಡಳಿತ ಬದಲಾಯಿತು, ಆದರೆ ಮಂಗಳೂರಿನ ಕಾಲೇಜು, ಆಸ್ಪತ್ರೆ, ಉದ್ಯೋಗಗಳ ಅವಲಂಬನೆ ತಪ್ಪಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ತಲಪಾಡಿಯಲ್ಲಿ ಗಡಿ ಮುಚ್ಚಿ, ಅಲ್ಲಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ದಾರಿ ನಮಗೆ ಜೀವನಾಡಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರೈಲಿದೆ, ಆದರೆ…

ಈ ಜೀವನಾಡಿಯ ಭಾರವನ್ನೆಲ್ಲ ರಸ್ತೆಯೊಂದೇ ಹೊರಬೇಕೆ? 1907ರಿಂದಲೂ ಮಂಗಳೂರಿಗೆ ರೈಲು ಓಡುತ್ತಿದೆ. ಹಳಿ ಈಗ ಜೋಡಿಯಾಗಿದೆ, ವಿದ್ಯುದೀಕರಣವೂ ಮುಗಿದಿದೆ. ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಐವತ್ತು ಕಿ.ಮೀ. ಕೂಡ ಇಲ್ಲ. ಆದರೂ ಹಲವು ಎಕ್ಸ್‌ಪ್ರೆಸ್ ಗಾಡಿಗಳು ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ನಿಲ್ಲದೆ ಹೋಗುತ್ತವೆ. ನಿಲ್ಲುವ ಕೆಲವೇ ಗಾಡಿಗಳ ಸಾಮಾನ್ಯ ಬೋಗಿಗಳಲ್ಲಿ ಸೀಸನ್ ಟಿಕೆಟಿನವರು ಬಾಗಿಲಿಗೆ ಜೋತುಬೀಳಬೇಕಾಗುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬಿಚ್ಚಿ ತಿರುಗಿಸುವ ಕೆಲಸವಿಲ್ಲ. ಹಳಿ ಕೊನೆಗೊಳ್ಳುವ ಮಂಗಳೂರು ಸೆಂಟ್ರಲ್‌ನಂತಹ ನಿಲ್ದಾಣಕ್ಕೆ ಇದು ಹೇಳಿಮಾಡಿಸಿದ ಗಾಡಿ. ಬೇಗ ವೇಗ ಪಡೆಯುವ ಕಾರಣ ಸಣ್ಣ ನಿಲ್ದಾಣಗಳಲ್ಲಿ ನಿಂತರೂ ಹೆಚ್ಚು ಹೊತ್ತು ಹೋಗುವುದಿಲ್ಲ. ಸ್ವಯಂಚಾಲಿತ ಸಿಗ್ನಲ್ ಅಳವಡಿಸಿದಲ್ಲಿ ಒಂದರ ಹಿಂದೆ ಇನ್ನೊಂದು ಗಾಡಿಯನ್ನು ಕಡಿಮೆ ಅಂತರದಲ್ಲಿ ಬಿಡಲೂ ಸಾಧ್ಯ.

ತೊಡಕಿರುವುದು ಹೆಚ್ಚಾಗಿ ಆಡಳಿತದಲ್ಲಿ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿದೆ. ಅಲ್ಲಿಂದ ಸುಬ್ರಹ್ಮಣ್ಯದ ಕಡೆಗೆ ಹೋದರೆ ನೈಋತ್ಯ ರೈಲ್ವೆ, ಉಡುಪಿಯ ಕಡೆಗೆ ಕೊಂಕಣ ರೈಲ್ವೆ. ಇದರ ಮೇಲೆ ಎರಡು ರಾಜ್ಯ ಸರಕಾರಗಳು. ಕಾಞಂಗಾಡಿನಿಂದ ಪಾಣತ್ತೂರು ಮಾರ್ಗವಾಗಿ ಕಾಣಿಯೂರಿಗೆ ಹಳಿ ಹಾಕುವ ಯೋಜನೆ ವರ್ಷಗಳಿಂದ ಕಾಗದದಲ್ಲೇ ಉಳಿದಿರುವುದನ್ನು ಕಂಡರೆ, ಗಡಿ ದಾಟುವ ಕೆಲಸ ಎಷ್ಟು ನಿಧಾನವೆಂದು ತಿಳಿಯುತ್ತದೆ.

ಆಗಬೇಕಾದ್ದೇನು?

ಮೊದಲನೆಯದಾಗಿ, ಕಾಲೇಜು, ಕಚೇರಿಗಳ ವೇಳೆಗೆ ಹೊಂದುವಂತೆ ಬೆಳಿಗ್ಗೆ ಮತ್ತು ಸಂಜೆ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಮೆಮು ಗಾಡಿಗಳು ಹೆಚ್ಚಬೇಕು. ಎರಡನೆಯದಾಗಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬಸ್ಸುಗಳ ಸಮಯವನ್ನು ಕುಂಬಳೆ, ಕಾಸರಗೋಡು ನಿಲ್ದಾಣಗಳ ರೈಲುಗಳಿಗೆ ಹೊಂದಿಸಬೇಕು. ರೈಲಿಳಿದವನು ಬಸ್ಸಿಗಾಗಿ ಒಂದು ಗಂಟೆ ಕಾದರೆ ರೈಲಿನಿಂದ ಉಳಿದ ಸಮಯಕ್ಕೆ ಬೆಲೆಯಿಲ್ಲ. ಮೂರನೆಯದಾಗಿ, ಶಾಲೆಗಳಿರುವಲ್ಲಿ ಕಾಲುಸೇತುವೆ, ಸರ್ವೀಸ್ ರಸ್ತೆಯಲ್ಲಿ ಮಳೆ ತಡೆಯುವ ಬಸ್ ತಂಗುದಾಣ ಆಗಬೇಕು. ಇವುಗಳನ್ನು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ನೋಡುವ ಬದಲು, ಎರಡೂ ಜಿಲ್ಲೆಗಳ ಅಧಿಕಾರಿಗಳು ಒಂದೇ ಮೇಜಿನಲ್ಲಿ ಕುಳಿತು ನಿರ್ಧರಿಸಬೇಕು.

ಹೆದ್ದಾರಿಗಾಗಿ ಜಾಗ ಬಿಟ್ಟವರು ಈ ನಾಡಿನವರೇ. ಅವರ ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆ ಸೇರಿ, ಕತ್ತಲಾಗುವ ಮುನ್ನ ಮನೆ ಮುಟ್ಟುವಂತಾಗಬೇಕು. ಎರಡೂ ಕಡೆಯ ಜನಪ್ರತಿನಿಧಿಗಳು ಈ ಕಡೆ ಗಮನ ಹರಿಸುವರೆಂದು ಆಶಿಸೋಣ.