ಮೋಟಾರ್ ಸೈಕಲ್ ಚೈನ್ ಸ್ಪ್ರಾಕೆಟ್ ಬದಲಾವಣೆ: ವಾಹನ ಮಾಲೀಕರಿಗೆ ಮಾಹಿತಿ

ಸೊರಬ ತಾಲ್ಲೂಕಿನ ಉಳವಿ ಹೋಬಳಿ ಹಾಗೂ ನೆರೆಯ ಶಿಕಾರಿಪುರ ತಾಲ್ಲೂಕಿನ ಗ್ರಾಮೀಣ ರಸ್ತೆಗಳಲ್ಲಿ ಮಳೆಗಾಲದ ಕೆಸರು ಮತ್ತು ಬೇಸಿಗೆಯ ಧೂಳಿನಿಂದ ಮೋಟಾರ್ ಸೈಕಲ್‌ಗಳ ಚೈನ್ ಹಾಗೂ ಸ್ಪ್ರಾಕೆಟ್‌ಗಳು ಬೇಗ ಸವೆಯುತ್ತವೆ. ಇವುಗಳನ್ನು ಬದಲಾಯಿಸುವಾಗ ಏರುದಾರಿಯಲ್ಲಿ ಎಳೆತ ಹೆಚ್ಚಲೆಂದು ಬೇರೆ ಅಳತೆಯ ಸ್ಪ್ರಾಕೆಟ್ ಅಳವಡಿಸುವುದುಂಟು. ಅದಕ್ಕೆ ಮುನ್ನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಅನುಪಾತ
ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳ ಸಂಖ್ಯೆಯನ್ನು ಮುಂದಿನದರಿಂದ ಭಾಗಿಸಿದಾಗ ಅನುಪಾತ ದೊರೆಯುತ್ತದೆ. ಉದಾಹರಣೆಗೆ, ಮುಂದೆ 14 ಮತ್ತು ಹಿಂದೆ 42 ಹಲ್ಲುಗಳಿದ್ದಲ್ಲಿ ಅನುಪಾತ 3. ಮುಂದೆ 13 ಹಲ್ಲಿನದನ್ನು ಹಾಕಿದರೆ 3.23 ಆಗುತ್ತದೆ. ಹಿಂದೆ 3 ಹಲ್ಲು ಹೆಚ್ಚಿಸಿದರೂ ಹೆಚ್ಚುಕಡಿಮೆ ಇದೇ ಪರಿಣಾಮ. ಎಳೆತ ಹೆಚ್ಚುವುದು ನಿಜ. ಆದರೆ ಅದೇ ವೇಗದಲ್ಲಿ ಚಲಿಸಲು ಎಂಜಿನ್ ಸುಮಾರು ಶೇ. 8ರಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಶಬ್ದ ಮತ್ತು ಇಂಧನ ವೆಚ್ಚ ಹೆಚ್ಚಬಹುದು.

2. ವೇಗಮಾಪಕ
ಗೇರ್ ಪೆಟ್ಟಿಗೆಯ ಭಾಗದಿಂದ ವೇಗವನ್ನು ಅಳೆಯುವ ವಾಹನಗಳಲ್ಲಿ ಮೇಲಿನ ಬದಲಾವಣೆಯಿಂದ ನೈಜ ವೇಗ ಗಂಟೆಗೆ 50 ಕಿ.ಮೀ. ಇದ್ದಾಗ ವೇಗಮಾಪಕವು ಸುಮಾರು 54 ಎಂದು ತೋರಿಸುತ್ತದೆ. ಕ್ರಮಿಸಿದ ದೂರವೂ ಹೆಚ್ಚಾಗಿ ದಾಖಲಾಗುತ್ತದೆ. ಅನುಪಾತವನ್ನು ಕಡಿಮೆ ಮಾಡಿದಲ್ಲಿ ವೇಗಮಾಪಕವು ನೈಜಕ್ಕಿಂತ ಕಡಿಮೆ ವೇಗ ತೋರಿಸುವುದರಿಂದ ಸವಾರನು ಅರಿವಿಲ್ಲದೆ ವೇಗಮಿತಿ ಮೀರುವ ಸಂಭವವಿದೆ. ಚಕ್ರದಿಂದಲೇ ವೇಗ ಅಳೆಯುವ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ.

3. ಆಯ್ಕೆಯ ಕ್ರಮ
(ಅ) ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದಲ್ಲಿ ಅಥವಾ ಮೊನಚಾಗಿದ್ದಲ್ಲಿ ಬದಲಾವಣೆ ಅಗತ್ಯ.
(ಆ) ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಾಯಿಸುವುದು ಸೂಕ್ತ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ಹಾಳುಮಾಡುತ್ತದೆ.
(ಇ) ಚೈನ್‌ನ ಸಂಖ್ಯೆಯನ್ನು ಪರಿಶೀಲಿಸಬೇಕು. 420 ಮತ್ತು 428 ಸಂಖ್ಯೆಯ ಚೈನ್‌ಗಳ ಕೊಂಡಿಯ ಅಂತರ 12.7 ಮಿ.ಮೀ. ಆಗಿದ್ದರೂ ಒಳ ಅಗಲ ಬೇರೆಯಾಗಿರುತ್ತದೆ.
(ಈ) ಚೈನ್‌ನ ಸಡಿಲಿಕೆಯನ್ನು ಮಾಲೀಕರ ಕೈಪಿಡಿಯಲ್ಲಿರುವಂತೆ ಇರಿಸಬೇಕು. ಅತಿ ಸಡಿಲವಾದ ಚೈನ್ ಕಳಚಿ ಹಿಂದಿನ ಚಕ್ರಕ್ಕೆ ಸಿಲುಕಿದಲ್ಲಿ ಸವಾರರ ಪ್ರಾಣಕ್ಕೆ ಅಪಾಯ.
(ಉ) ದುರಸ್ತಿಗಾಗಿ ಬಿಚ್ಚಿದ ಸೀರೆ ಗಾರ್ಡ್ ಅನ್ನು ತಪ್ಪದೆ ಮರಳಿ ಜೋಡಿಸಬೇಕು. ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಲುಕದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 123 ವಿಧಿಸುತ್ತದೆ.

4. ಕಾನೂನು
ತಯಾರಕರು ನಿಗದಿಪಡಿಸಿದಷ್ಟೇ ಹಲ್ಲುಗಳಿರುವ ಸ್ಪ್ರಾಕೆಟ್ ಅಳವಡಿಸುವುದು ಸಾಮಾನ್ಯ ದುರಸ್ತಿ. ಇದಕ್ಕೆ ಅರ್ಜಿ ಅಥವಾ ಶುಲ್ಕದ ಅಗತ್ಯವಿಲ್ಲ. ಆದರೆ ನೋಂದಣಿ ಪ್ರಮಾಣ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಹಲ್ಲುಗಳ ಸಂಖ್ಯೆಯನ್ನೇ ಬದಲಿಸಲು ಬಯಸುವವರು ಹಣ ವ್ಯಯಿಸುವ ಮುನ್ನ ತಯಾರಕರ ಸೇವಾ ಕೇಂದ್ರದಲ್ಲಿ ಹಾಗೂ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸತಕ್ಕದ್ದು.

ಏರುದಾರಿಯಲ್ಲಿ ಕೆಳಗಿನ ಗೇರ್ ಬಳಸುವುದು ಮತ್ತು ಹೊರೆಯನ್ನು ಮಿತಿಯಲ್ಲಿಡುವುದು ಖರ್ಚಿಲ್ಲದ ಪರಿಹಾರವಾಗಿದೆ. ಖರೀದಿಯ ರಸೀದಿಯನ್ನು ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.